ನೀಲಾಳ ಪಾಲಿಗೆ ಬಂದ ಫ್ರಾನ್ಸ್

ಎವರ್‌ಗ್ರೀನ್, ಸ್ಯಾನ್ ಹೋಸೆ
ನವೆಂಬರ್ ೬, ೨೦೨೫

ಮಗಳು ಉಮಾಶ್ರೀಗೆ ನಿನ್ನ ಮಾವನ ಆಶೀರ್ವಾದಗಳು.

ಊರಿನಿಂದ ನಿನಗೆ ಬರೆಯುತ್ತಿದ್ದ ಕಾಗದಗಳನ್ನೆಲ್ಲ ‘ಚಿರಂಜೀವಿ ಸೌಭಾಗ್ಯವತಿ’ ಎಂದೇ ಶುರು ಮಾಡುತ್ತಿದ್ದೆ. ಈ ಸಲ ಪೆನ್ನು ಅಲ್ಲೇ ನಿಂತಿತು. ನೀನೂ ಶಶಿಧರನೂ ಬೇರೆಯಾದ ಮೇಲೆ ನಿನ್ನನ್ನು ಸೊಸೆ ಎನ್ನಲು ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯದು. ಮಗಳು ಎಂದರೆ ನೀನು ಬೇಡವೆನ್ನಲಾರೆ ಎಂಬ ಧೈರ್ಯದ ಮೇಲೆ ಬರೆದಿದ್ದೇನೆ. ಹೇಗಿದ್ದೀಯ? ಕೈ ಹೇಗಿದೆ? ಚಳಿ ಶುರುವಾಗಿದೆ, ಮಣಿಕಟ್ಟು ನೋಯುತ್ತಿರಬೇಕು. ರೊಟ್ಟಿ ಬಡಿಯಲು ಆಗುತ್ತದೆಯೇ, ಇಲ್ಲ ಚಪಾತಿಯ ಮೇಲೇ ಇದ್ದೀಯಾ? ಕ್ಯಾಂಪ್‌ಬೆಲ್ಲಿನ ನಿನ್ನ ಅಪಾರ್ಟ್‌ಮೆಂಟಿನಲ್ಲಿ ಹೀಟರು ಸರಿಯಾಗಿ ಓಡುವುದಿಲ್ಲವೆಂದು ನೀಲಾ ಹೇಳಿದ್ದಳು. ರಾತ್ರಿ ಕಾಲುಚೀಲ ಹಾಕಿಕೊಂಡು ಮಲಗು. ನನಗೆ ಬೀಪಿ ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ಈ ಕಾಗದವನ್ನು ನೀಲಾಳ ಬ್ಯಾಗಿನಲ್ಲಿಟ್ಟು ಕಳಿಸಬಹುದಿತ್ತು. ಹದಿಮೂರು ವರ್ಷದ ಮೊಮ್ಮಗಳನ್ನು ದೊಡ್ಡವರ ನಡುವೆ ಟಪಾಲಿನವಳನ್ನಾಗಿ ಮಾಡುವುದು ಬೇಡವೆಂದು ನಾನೇ ಹೋಗಿ ಡಬ್ಬಿಗೆ ಹಾಕುತ್ತೇನೆ.

ನೀಲಾಳ ಶಾಲೆಯಲ್ಲಿ ನಡೆದದ್ದನ್ನು ಹೇಳಬೇಕು. ಬಾಗಲಕೋಟೆಯ ಹೈಸ್ಕೂಲಿನಲ್ಲಿ ನಾನು ಮೂವತ್ತೊಂದು ವರ್ಷ ಇತಿಹಾಸ ಕಲಿಸಿದವನೆಂದು ನಿನಗೆ ಗೊತ್ತೇ ಇದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಒಂದು ಪಾಠ, ಫ್ರಾನ್ಸಿನ ಕ್ರಾಂತಿ ಅದರ ಮುಂದಿನ ಪಾಠ. ಫ್ರಾನ್ಸು ಹಡಗು, ಸೈನ್ಯ, ಮದ್ದುಗುಂಡು ಕೊಟ್ಟು ಅಮೆರಿಕವನ್ನು ಗೆಲ್ಲಿಸಿತು ಎಂದು ಎರಡು ಸಾಲು ಬರೆಸಿ ಪುಟ ತಿರುಗಿಸುತ್ತಿದ್ದೆ. ಆಮೇಲೆ ಆ ಇಬ್ಬರು ಗೆಳೆಯರ ನಡುವೆ ಏನಾಯಿತೆಂಬುದು ಪಠ್ಯದಲ್ಲಿರಲಿಲ್ಲ. ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹುಡುಕಲಿಲ್ಲ. ಈಗ ಎಂಟನೆಯ ಗ್ರೇಡಿನಲ್ಲಿ ನೀಲಾಳಿಗೆ ಅದೇ ಪ್ರಾಜೆಕ್ಟು ಬಂತು. ಒಬ್ಬೊಬ್ಬರೂ ಒಂದೊಂದು ದೇಶದ ಪರವಾಗಿ ಮಾತಾಡಬೇಕು. ಚೀಟಿ ಎತ್ತಿದಾಗ ಅವಳ ಪಾಲಿಗೆ ಫ್ರಾನ್ಸು ಬಂತು.

ಎರಡು ವಾರ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತೆವು. ಅವಳು ಇಂಗ್ಲಿಷಿನಲ್ಲಿ ಓದುತ್ತಿದ್ದಳು, ನಾನು ಕನ್ನಡದಲ್ಲಿ ಕೇಳುತ್ತಿದ್ದೆ. ಕಷ್ಟದಲ್ಲಿ ಒಬ್ಬರಿಗೊಬ್ಬರು ಆಗುವುದೆಂದು ೧೭೭೮ರಲ್ಲಿ ಒಪ್ಪಂದವಾಗಿತ್ತಂತೆ. ಹದಿನೈದು ವರ್ಷದ ಮೇಲೆ ಫ್ರಾನ್ಸು ಬ್ರಿಟನ್ನಿನ ಜೊತೆ ಯುದ್ಧಕ್ಕಿಳಿದಾಗ, ತಾನು ಯಾರ ಕಡೆಯೂ ಅಲ್ಲ ಎಂದು ಅಮೆರಿಕ ಸಾರಿಬಿಟ್ಟಿತು. ನಾನು ಅಮೆರಿಕದ ಪರ ವಹಿಸಿದೆ. ಆಗಷ್ಟೇ ಹುಟ್ಟಿದ ದೇಶ, ಹೇಳಿಕೊಳ್ಳುವಂಥ ನೌಕಾಪಡೆ ಇಲ್ಲ, ಇಬ್ಬರು ಬಲಾಢ್ಯರ ಜಗಳದಲ್ಲಿ ಸಿಕ್ಕರೆ ಪುಡಿಯಾಗುತ್ತಿತ್ತು, ಸುಮ್ಮನಿದ್ದದ್ದೇ ಜಾಣತನ ಎಂದೆ. ನೀಲಾ ತಲೆಯನ್ನೂ ಎತ್ತದೆ, “ಸುಮ್ನೆ ಎಲ್ಲಿದ್ರು ಅಜ್ಜಾ? ನೆಕ್ಸ್ಟ್ ಇಯರೇ ಬ್ರಿಟನ್ ಜೊತೆ ಡೀಲ್ ಮಾಡಿದ್ರು” ಎಂದಳು. ಅದರಿಂದ ಸಿಟ್ಟಿಗೆದ್ದ ಫ್ರಾನ್ಸು ಅಮೆರಿಕದ ವ್ಯಾಪಾರದ ಹಡಗುಗಳನ್ನು ಹಿಡಿಯತೊಡಗಿತಂತೆ. ಕೊನೆಗೆ ಯುದ್ಧವನ್ನು ಸಾರದೆಯೇ ಎರಡು ವರ್ಷ ಸಮುದ್ರದಲ್ಲಿ ಬಡಿದಾಡಿಕೊಂಡರಂತೆ. ನಾನು ಕನ್ನಡಕ ಒರೆಸುವ ನೆಪ ಮಾಡಿ ಎದ್ದು ನನ್ನ ಕೋಣೆಗೆ ಹೋದೆ. ನೀನು ಆಫೀಸು ಮಾಡಿಕೊಂಡಿದ್ದ ಕೆಳಗಿನ ಕೋಣೆಯನ್ನು ಕೋರ್ಟಿನ ವಿಚಾರಣೆ ಮುಗಿದ ಮೇಲೆ ಶಶಿಧರ ನನಗೆ ಕೊಟ್ಟಿದ್ದಾನೆ. ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಕಿಟಕಿಯಲ್ಲಿ ಗುಡ್ಡ ಕಾಣುತ್ತದೆ, ಕನ್ನಡ ಚಾನೆಲ್ಲಿನ ಟೀವಿಯೂ ಬಂದಿದೆ. ಕೊಟ್ಟಾಗ ಬೇಡವೆನ್ನಲಿಲ್ಲ ನಾನು.

ಉಮಾ, ನಿನ್ನ ಅತ್ತೆ ಕಾಶವ್ವ ಇದೇ ಮನೆಯಲ್ಲಿ ಹಾಸಿಗೆ ಹಿಡಿದಾಗ ನೀನು ಎಂಟು ತಿಂಗಳು ಕೆಲಸ ಬಿಟ್ಟು ನೋಡಿಕೊಂಡೆ. ಅವಳ ಕೂದಲು ಬಾಚಿದವಳು, ಬೆನ್ನು ಹುಣ್ಣಾಗದಂತೆ ಹೊರಳಿಸಿದವಳು ನೀನು. ಅವಳು ಹೋದ ಮೇಲೆ ನನ್ನನ್ನು ಬಾಗಲಕೋಟೆಗೆ, ತಮ್ಮನ ಮಕ್ಕಳ ಹತ್ತಿರ ಕಳಿಸುವ ಮಾತು ಬಂತು. “ಮಾವಾರು ಎಲ್ಲೂ ಹೋಗಂಗಿಲ್ಲ. ಅವರ್ನ ಕಳಸೂದಾದ್ರ ನನ್ನೂ ಕಳಸ್ರಿ” ಎಂದು ನಿಂತವಳೂ ನೀನೇ. ಆಮೇಲೆ ನಿನ್ನ ಸರದಿ ಬಂತು. ಹೋದ ವರ್ಷ ಫೆಬ್ರವರಿಯ ಆ ಭಾನುವಾರ, ನೀನು ಫೋನು ಕೊಡಲಿಲ್ಲವೆಂದು ಶಶಿಧರ ನಿನ್ನ ಕೈ ತಿರುಚಿ ಕಿಚನ್ನಿನ ಕಟ್ಟೆಗೆ ತಳ್ಳಿದಾಗ ನಾನು ಆರು ಅಡಿ ದೂರದಲ್ಲಿ ಕೂತಿದ್ದೆ. ಮೂಳೆ ಮುರಿದ ಸದ್ದೂ ಕೇಳಿತು. ನೀನು ಕಾಲು ಜಾರಿ ಬಿದ್ದೆ ಎಂದು ಅವನು ಆಸ್ಪತ್ರೆಯಲ್ಲಿ ಹೇಳಿದ. ನೀಲಾ ಯಾರ ಹತ್ತಿರ ಇರಬೇಕೆಂದು ವಿಚಾರಣೆ ನಡೆದಾಗ, “ಮಾವಾರ, ನನ್ನ ಪರ ಮಾತಾಡಬ್ಯಾಡ್ರಿ. ನೀವು ನೋಡಿದ್ದಷ್ಟ ಹೇಳ್ರಿ, ಸಾಕು” ಎಂದು ಕೇಳಿಕೊಂಡೆ. ಕೋರ್ಟಿನಿಂದ ಫೋನು ಬಂತು, ದುಭಾಷಿ ಕನ್ನಡದಲ್ಲೇ ಕೇಳಿದಳು. ಇಬ್ಬರೂ ನನ್ನ ಮಕ್ಕಳೇ, ನಾನು ಯಾರ ಕಡೆಯೂ ಅಲ್ಲ, ಏನೂ ನೋಡಲಿಲ್ಲ ಎಂದೆ. ಮೊದಲ ಎರಡು ಮಾತು ಹೇಡಿತನದವು, ಮೂರನೆಯದು ಹಸಿ ಸುಳ್ಳು. ನಿನಗೆ ಎರಡು ವಾರಕ್ಕೊಂದು ಶನಿವಾರ, ಭಾನುವಾರವಷ್ಟೇ ಮಗಳು ಉಳಿದಳು.

ಹೋದ ಗುರುವಾರ ಮಧ್ಯಾಹ್ನ ಶಾಲೆಯಲ್ಲಿ ಭಾಷಣವಿತ್ತು. ಶಶಿಧರನಿಗೆ ಮೀಟಿಂಗು. ಇಮೇಲು ಅವನಿಗೊಬ್ಬನಿಗೇ ಬಂದಿತ್ತೆಂದು ತಿಳಿದೂ ನಾನು ನಿನಗೆ ಫೋನು ಮಾಡಲಿಲ್ಲ, ಅದೂ ನನ್ನದೇ ತಪ್ಪು. ನಾನೊಬ್ಬನೇ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ. ನೀಲಾ ನೀಲಿ ಸ್ಕಾರ್ಫು ಕಟ್ಟಿಕೊಂಡು ಚೆನ್ನಾಗಿಯೇ ಶುರು ಮಾಡಿದಳು. ಫ್ರಾನ್ಸು ಸೈನ್ಯವನ್ನೇನೂ ಕೇಳಿರಲಿಲ್ಲ, ತನ್ನ ಹಡಗುಗಳಿಗೆ ಬಂದರಿನಲ್ಲಿ ಜಾಗ ಕೇಳಿತ್ತು ಎನ್ನುವಲ್ಲಿಗೆ ಬಂದಾಗ ಅದೇ ಸಾಲನ್ನು ಎರಡು ಸಲ ಹೇಳಿ ನಿಂತಳು. ಟೀಚರು ನೀರು ಕೊಟ್ಟರು. ಕುಡಿದು, ಉಳಿದದ್ದನ್ನು ಕಾಗದ ನೋಡಿ ಬೇಗ ಬೇಗ ಓದಿ ಕೂತುಬಿಟ್ಟಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಮನೆಗೆ ನಡೆದು ಬರುವಾಗ ಸಿಗ್ನಲ್ಲಿನ ಹತ್ತಿರ ಕೇಳಿದಳು: “ಅಜ್ಜಾ, ಅಮ್ಮನ ಕೈ ಹೆಂಗ್ ಮುರೀತು? ಡಿಡ್ ಯೂ ಸೀ?” ಅವಳು ಪೂರ್ತಿ ಕನ್ನಡದಲ್ಲಿ ಕೇಳಲು ಹೊರಟು ಅರ್ಧಕ್ಕೆ ಸೋತದ್ದು ನನ್ನ ಎದೆಗೆ ನಾಟಿತು. “ನೋಡೀನಿ, ಕೂಸ. ನಿಮ್ಮಪ್ಪನೇ ಮುರದ” ಎಂದೆ. ರಸ್ತೆ ದಾಟುವ ದೀಪ ಹತ್ತಿ, ಆರಿ, ಮತ್ತೆ ಹತ್ತಿತು. “ಆ್ಯಂಡ್ ಯೂ ಡಿಡಂಟ್ ಟೆಲ್” ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಅಲ್ಲಿಂದ ಹತ್ತು ಹೆಜ್ಜೆ ಮುಂದೆ ನಡೆದಳು, ತಿರುಗಿ ನೋಡಲಿಲ್ಲ. ಇವತ್ತಿಗೆ ಒಂದು ವಾರ. ಊಟದ ತಟ್ಟೆಯನ್ನು ಮೇಲಿನ ತನ್ನ ಕೋಣೆಗೆ ಒಯ್ಯುತ್ತಾಳೆ. ಅಜ್ಜಾ ಎಂದು ಒಂದು ಸಲವೂ ಕರೆದಿಲ್ಲ. ಕರೆ ಎಂದು ಕೇಳುವ ಮುಖ ನನಗಿಲ್ಲ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದು ಹಾಕಿದೆ. ಅದು ನಿನಗೆ ಬಿಟ್ಟದ್ದು. ಮೈ ಕಡೆ ನಿಗಾ ಇರಲಿ, ಕೆಲಸ ಮುಗಿದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣು. ಕಾಶವ್ವ ಇದ್ದಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ಬೈದು ನಿನ್ನ ಮನೆಗೆ ಅಟ್ಟಿರುತ್ತಿದ್ದಳು. ಅವಳ ಪಾಲಿನ ಹಾರೈಕೆಯೂ ಇದರಲ್ಲಿ ಸೇರಿದೆ.

ನಿನ್ನ ಮಾವ,
ಸಿದ್ರಾಮಪ್ಪ

ಮರೆತದ್ದು: ಇದರ ಜೊತೆ ನಾಲ್ಕು ಹಾಳೆ ಇಟ್ಟಿದ್ದೇನೆ. ಆ ಭಾನುವಾರ ಕಂಡದ್ದು, ಕೋರ್ಟಿಗೆ ನಾನು ಹೇಳಿದ ಸುಳ್ಳು, ಎರಡನ್ನೂ ಕನ್ನಡದಲ್ಲಿ ಬರೆದು ಪ್ರತಿ ಹಾಳೆಗೂ ಸಹಿ ಹಾಕಿದ್ದೇನೆ. ಡಿಸೆಂಬರಿನಲ್ಲಿ ಮತ್ತೆ ವಿಚಾರಣೆ ಇದೆಯಲ್ಲ, ಈ ಸಲ ಹೇಳುತ್ತೇನೆಂದು ಶಶಿಧರನಿಗೆ ಮೊನ್ನೆಯೇ ತಿಳಿಸಿದೆ. ನಿನ್ನೆ ನನಗೆ ಬೆಂಗಳೂರಿಗೆ ಟಿಕೆಟ್ಟು ತೆಗೆಸಿದ್ದಾನೆ, ಇದೇ ತಿಂಗಳ ಹದಿನೆಂಟಕ್ಕೆ. ಬರುವ ಬುಧವಾರ, ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನು ಇಲ್ಲಿನ ಲೈಬ್ರರಿಯ ಮುಂದೆ ಕೂತಿರುತ್ತೇನೆ. ಎರಡರಲ್ಲಿ ಒಂದು ದಿನ ಬಂದು ನನ್ನನ್ನು ನಿನ್ನ ವಕೀಲರ ಹತ್ತಿರ ಕರೆದುಕೊಂಡು ಹೋಗು.