ಇಪ್ಪತ್ತೇಳು ವರ್ಷದ ಮೇಲೆ ಮಾಡಿದ ಬರ್ಗರ್

ಬ್ರೋಕನ್ ಬೋ, ನೆಬ್ರಾಸ್ಕ
ಬುಧವಾರ, ೧೭ ಜುಲೈ ೨೦೧೯

ಪ್ರೀತಿಯ ಮಗಳು ಕ್ರಿಸ್ಟಾ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ಕೋಳಿಗೂಡು ತೊಳೆದೆವು. ಮಧ್ಯಾಹ್ನ ನಿನ್ನ ಟೆಸ್‌ಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗಿದ್ದೆ. ಬಂದ ಮೇಲೆ ಇಬ್ಬರೂ ಕೂತು ಬಟಾಣಿ ಬಿಡಿಸಿದೆವು. ಈಗ ಅವಳು ನೆಲದ ಮೇಲೆ ಬೋರಲು ಮಲಗಿ ಕುದುರೆಯ ಚಿತ್ರ ಬರೆಯುತ್ತಿದ್ದಾಳೆ. ನಿನ್ನ ಕೈ ಹೇಗಿದೆ? ಮೀನು ಸೀಳುವ ಕಾರ್ಖಾನೆಯಲ್ಲಿ ದಿನವಿಡೀ ತಣ್ಣೀರು ತಾಗಿ ಬೆರಳು ಒಡೆದಿವೆ ಎಂದು ಬರೆದಿದ್ದೆ. ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮನ್ನೇ ಹಚ್ಚು, ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಇಲ್ಲ. ಒಂದು ಡಬ್ಬಿ, ಎರಡು ಜೊತೆ ಉಣ್ಣೆಯ ಕಾಲುಚೀಲ ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ. ಭಾನುವಾರ ಫೋನಿನಲ್ಲಿ ನಿನ್ನ ಮಾತು ಅರ್ಧಕ್ಕರ್ಧ ಕೇಳಿಸಲಿಲ್ಲ. ಕೇಳಿಸಿದ್ದರೂ ಈಗ ಬರೆಯುವುದನ್ನು ನಾನು ಫೋನಿನಲ್ಲಿ ಹೇಳುತ್ತಿರಲಿಲ್ಲ.

ಟೆಸ್ ಚೆನ್ನಾಗಿದ್ದಾಳೆ. ಅದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದು ಓದಿ ನೀನು ಗಾಬರಿಯಾಗಬಾರದು. ಭಾನುವಾರ ಸಂಜೆ ನಾನು ಅವಳಿಗೆ ಚೀಸ್‌ಬರ್ಗರ್ ಮಾಡಿಕೊಟ್ಟೆ, ಮೇಲೊಂದು ಕರಿದ ಮೊಟ್ಟೆ ಇಟ್ಟು. ಹೌದು, ಇದೇ ಅಡುಗೆಮನೆಯಲ್ಲಿ. ನಿನ್ನ ತಮ್ಮ ಡೇಲ್ ತೀರಿಕೊಂಡ ವಾರವೇ ನಿಮ್ಮಮ್ಮ ಬರ್ಗರ್ ಸುಡುವ ಒಲೆಯನ್ನು ತಾನೇ ಎಳೆದುಕೊಂಡು ಹೋಗಿ ರಸ್ತೆ ಬದಿಗೆ ಇಟ್ಟಳು. ಅಲ್ಲಿಂದ ದನದ ಖೀಮಾ ಈ ಹೊಸ್ತಿಲು ದಾಟಿರಲಿಲ್ಲ. ಆಗ ಅವನಿಗೆ ಐದು ವರ್ಷ, ನಿನಗೆ ಒಂಬತ್ತು. ಈ ಮಾರ್ಚಿನಲ್ಲಿ ಅವಳೂ ಹೋದಳು. ಅವಳ ಕಟ್ಟಳೆಯನ್ನು ಮುರಿಯುವ ಮನಸ್ಸು ನನಗಿರಲಿಲ್ಲ. ಆದರೆ ನಿನ್ನ ಮಗಳು ಬಿಡಬೇಕಲ್ಲ. ಗೆಳತಿಯ ಅಪ್ಪ ಹಾಗೆ ಮೊಟ್ಟೆ ಇಟ್ಟು ಕೊಡುತ್ತಾನಂತೆ. ಬಂದ ದಿನದಿಂದ ಅದೇ ಜಪ. "ಎಲ್ಲಾರ ಮನೇಲೂ ಮಾಡ್ತಾರೆ ತಾತಾ. ನಿಮ್ಮನೇಲಿ ಮಾತ್ರ ಕೋಳಿ, ಕೋಳಿ, ಕೋಳಿ. ಇನ್ನೊಂದು ವಾರಕ್ಕೆ ನಂಗೆ ರೆಕ್ಕೆ ಬರತ್ತೆ ನೋಡ್ತಿರು." ನನಗೆ ನಗು ಬಂತು. ಮಾರ್ಚಿನ ನಂತರ ನಕ್ಕಿದ್ದೇ ಅಂದು. ಆ ನಗುವಿನಲ್ಲಿ ಆಯಿತು ಎಂದುಬಿಟ್ಟೆ.

ಮಾಂಸದ ಅಂಗಡಿಯ ಡಲೋರೆಸ್ ನನ್ನನ್ನೇ ನೋಡಿದಳು. "ಓರಿನ್, ನಿಂಗಾ? ಖೀಮಾನಾ?" ಎಂದಳು. ಆಮೇಲೆ ಒಂದು ಪೌಂಡು ತೂಗಿ ಕಟ್ಟಿದಳು. ಕೊಡುವಾಗ ತಲೆಯೆತ್ತದೆ, "ಚೆನ್ನಾಗಿ ಬೇಯ್ಸಪ್ಪ" ಎಂದಳು. ಈ ಊರು ಏನನ್ನೂ ಮರೆಯುವುದಿಲ್ಲ. ಅಲ್ಲಿಂದ ನೇರ ಹೋಗಿ ಮಾಂಸಕ್ಕೆ ಚುಚ್ಚಿ ಶಾಖ ನೋಡುವ ಕಡ್ಡಿಯೊಂದನ್ನು ಕೊಂಡೆ. ಮನೆಗೆ ಬಂದು ಮೂರು ಸಲ ಕೈ ತೊಳೆದೆ. ಖೀಮಾದ ಬಿಲ್ಲೆಗಳನ್ನು ತೆಳ್ಳಗೆ ತಟ್ಟಿದೆ, ಹಿಂದಿನ ಹಾಗೆ ದಪ್ಪಗಲ್ಲ. ಬೀಡಿನ ಬಾಣಲೆಯಲ್ಲಿ ಅದು ಚುರ್ ಎಂದ ಕೂಡಲೆ ಏಳುವ ಆ ವಾಸನೆ ನಿನಗೆ ನೆನಪಿರಬಹುದು. ನಾನು ಹೋಗಿ ಕಿಟಕಿ ತೆರೆದಿಟ್ಟೆ. ಟೆಸ್ ಕುರ್ಚಿಯ ಮೇಲೆ ನಿಂತು ಕಡ್ಡಿಯ ಅಂಕಿಗಳನ್ನು ಕೂಗಿ ಓದುತ್ತಿದ್ದಳು. ನೂರ ಅರವತ್ತು ಫ್ಯಾರನ್‌ಹೀಟ್ ದಾಟಿದರೆ ಭಯವಿಲ್ಲ ಎಂದು ಡಬ್ಬದ ಮೇಲೆ ಬರೆದಿದೆ. "ನೂರ ಅರವತ್ತೊಂದು! ತೆಗಿ ತಾತಾ, ತೆಗಿ!" ನನಗೆ ತೆಗೆಯಲಾಗಲಿಲ್ಲ. ಇನ್ನೊಂದು ಕಡೆ ಚುಚ್ಚಿದೆ, ಮತ್ತೊಂದು ಕಡೆ ಚುಚ್ಚಿದೆ. ನೂರ ತೊಂಬತ್ತಕ್ಕೆ ತೆಗೆದಾಗ ಅದು ಬೂಟಿನ ಅಟ್ಟೆಯಂತಾಗಿತ್ತು. "ಇದಕ್ಕೆ ಎಷ್ಟು ತೂತು ಮಾಡಿದೀಯ, ದಾರ ಪೋಣಿಸ್ತೀಯಾ?" ಎಂದಳು. ಮೇಲೆ ಚೀಸ್ ಹಾಕಿ ಮುಚ್ಚಿಟ್ಟೆ, ಕರಗಿತು. ಮೊಟ್ಟೆಯನ್ನು ಬೆಣ್ಣೆಯಲ್ಲಿ ಒಡೆದು ಹಾಕಿದಾಗ ಮತ್ತೆ ಜಗಳ. "ಹಳದಿ ಹರೀಬೇಕು ತಾತಾ, ಅದಕ್ಕೇ ತಾನೇ ಮೊಟ್ಟೆ!" ಸರಿ, ನಮ್ಮದೇ ಕೋಳಿ, ಏನಾಗತ್ತೆ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಸೌಟು ತೂರಿಸಿ ಮೊಟ್ಟೆಯನ್ನು ಮಗುಚಿಹಾಕಿ ಗಟ್ಟಿಯಾಗುವವರೆಗೆ ಒತ್ತಿ ಹಿಡಿದೆ. ಅವಳು ನಿಮ್ಮಮ್ಮನ ಹಾಗೆಯೇ ಮೂತಿ ತಿರುವಿದಳು. ಆದರೂ ತಿಂದಳು. ಗಲ್ಲಕ್ಕೆಲ್ಲ ಚೀಸ್ ಮೆತ್ತಿಕೊಂಡು, ಕಣ್ಣು ಮುಚ್ಚಿಕೊಂಡು ತಿಂದಳು.

ಅರ್ಧ ಮುಗಿದಿತ್ತು. ತಮಾಷೆಗೆ, ನನಗೊಂದು ತುಂಡು ಕೊಡುವುದಿಲ್ಲವೇ ಎಂದು ಕೈ ಚಾಚಿದೆ. ಅವಳು ತಟ್ಟೆಯನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಂಡಳು. ಜಿಪುಣತನ ಎಂದುಕೊಂಡೆ. "ಕೊಡಬಾರ್ದು ತಾತಾ. ನಾವು ತಿಂದಿದ್ದನ್ನ ಬೇರೇವ್ರಿಗೆ ಕೊಟ್ರೆ ಅವ್ರು ಸತ್ತು ಹೋಗ್ತಾರಂತೆ. ಅಮ್ಮ ಚಿಕ್ಕೋಳಿದ್ದಾಗ ತಮ್ಮಂಗೆ ಅರ್ಧ ಕೊಟ್ಟಿದ್ಳಂತೆ, ಅದಕ್ಕೇ ಅವನು ಇಲ್ವಂತೆ." ಎಂಟು ವರ್ಷದ ಮಗು ಇಷ್ಟನ್ನೂ ಮಳೆ ಬಂತು, ನಿಂತಿತು ಎಂಬಷ್ಟು ಸಲೀಸಾಗಿ ಹೇಳಿ ಉಳಿದರ್ಧ ತಿನ್ನತೊಡಗಿತು. ನಾನು ಪಾತ್ರೆ ತೊಳೆಯುವ ತೊಟ್ಟಿಯ ಅಂಚು ಹಿಡಿದುಕೊಂಡು ನಿಂತೆ. ನೀನು ಯಾರಿಗೂ ನಿನ್ನ ತಟ್ಟೆಯಿಂದ ತುತ್ತು ಕೊಡದಿರುವುದನ್ನು ನಾನು ಕಂಡಿದ್ದೇನೆ, ಕ್ರಿಸ್ಟಾ. ಅದನ್ನು ಸ್ವಭಾವ ಎಂದುಕೊಂಡಿದ್ದೆ. ನಿಮ್ಮಮ್ಮ ಎಂದಾದರೂ ಕೇಳಿದ್ದಳೋ ಏನೋ, ನಾನಂತೂ ಕೇಳಲಿಲ್ಲ.

ಅಂದಿನಿಂದ ಮೂರು ದಿನ ಸರಿಯಾಗಿ ನಿದ್ದೆಯಿಲ್ಲ. ಡೇಲ್‌ಗೆ ಹೊಟ್ಟೆನೋವು ಶುರುವಾದದ್ದು ಬರ್ಗರ್ ತಿಂದ ನಾಲ್ಕನೆಯ ದಿನ. ಟೆಸ್‌ಳ ಹಣೆ ಮುಟ್ಟುತ್ತೇನೆ, ನಾಲಗೆ ನೋಡುತ್ತೇನೆ. ಇವತ್ತು ಬೆಳಿಗ್ಗೆ ಬಚ್ಚಲಿನ ಒಳಗಿಂದಲೇ, "ತಾತಾ, ಹೊರಗಡೆ ನಿಂತಿದೀಯ ಅಂತ ಗೊತ್ತು, ಹೋಗು!" ಎಂದು ಕೂಗಿದಳು. ಕಡ್ಡಿ ತೋರಿಸಿದ ಅಂಕಿ ಸರಿಯೆಂದು ನನ್ನ ಬುದ್ಧಿಗೆ ಗೊತ್ತು. ನನ್ನ ಕೈಗೆ ಗೊತ್ತಿಲ್ಲ. ಆದರೆ ಈಗ ನಿಜವಾದ ಹೆದರಿಕೆ ಮಾಂಸದ್ದಲ್ಲ. ಅದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಬಟಾಣಿ, ಕೋಳಿ ಎಂದು ಎರಡು ಹಾಳೆ ತುಂಬಿಸಿದೆ.

ಟೆಸ್ ನಿನಗೆ ಮುತ್ತು ಕಳಿಸಿದ್ದಾಳೆ, ಕುದುರೆಯ ಚಿತ್ರ ಇದರೊಳಗಿದೆ. ಬೆಚ್ಚಗಿರು. ಚೂರಿ ಹಿಡಿದಾಗ ಗಮನ ಅತ್ತಿತ್ತ ಹೋಗದಿರಲಿ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಓರಿನ್

ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಡೇಲ್ ಹೋದದ್ದು ನೀನು ಕೊಟ್ಟದ್ದರಿಂದಲ್ಲ. ಅಂದು ನಾನು ಬಿಲ್ಲೆಗಳನ್ನು ಬೇಗ ತೆಗೆದೆ. ನಮ್ಮ ಕೊಟ್ಟಿಗೆಯ ಹೋರಿಯ ಮಾಂಸ. ತಾನೇ ಸಾಕಿದ್ದನ್ನು ಕಪ್ಪಗಾಗುವಷ್ಟು ಸುಟ್ಟು ತಿನ್ನುವವನನ್ನು ನೋಡಿ ಇಲ್ಲಿ ನಗುತ್ತಾರೆ. ಮೊದಲನೆಯದನ್ನು ನಿನ್ನ ತಟ್ಟೆಗೆ ಹಾಕಿದೆ. ನೀನು ಕಚ್ಚಿ ನೋಡಿ, "ಅಪ್ಪಾ, ಒಳಗೆ ಕೆಂಪಗಿದೆ" ಅಂದೆ. ನಾನು ನಿನ್ನ ಚಿಕ್ಕಪ್ಪಂದಿರ ಎದುರು, "ನಮ್ಮನೆ ಹೋರಿ ಕಣೇ, ತೆಪ್ಪಗೆ ತಿನ್ನು" ಅಂದೆ. ಎಲ್ಲರೂ ನಕ್ಕರು. ಆಮೇಲೆ ನೀನು ಅರ್ಧವನ್ನು ಅವನಿಗೆ ಕೊಟ್ಟೆ. ಅವನ ತಟ್ಟೆಯಲ್ಲಿ ನಾನು ಹಾಕಿದ್ದೂ ಹಾಗೆಯೇ ಕೆಂಪಗಿತ್ತು. ದೊಡ್ಡವರಿಗೂ ನಿನಗೂ ಏನೂ ಆಗಲಿಲ್ಲ, ಐದು ವರ್ಷದವನ ಮೂತ್ರಪಿಂಡ ತಡೆಯಲಿಲ್ಲ. ಅವನು ಏನು ತಿಂದಿದ್ದ ಎಂದು ವಿಚಾರಿಸಲು ಆರೋಗ್ಯ ಇಲಾಖೆಯ ನರ್ಸ್ ಬಂದಾಗ ಎಲ್ಲ ಚೆನ್ನಾಗಿ ಬೆಂದಿತ್ತು ಎಂದು ಸುಳ್ಳು ಹೇಳಿದೆ. ನೀನು ಬಾಗಿಲ ಬಳಿ ನಿಂತಿದ್ದೆ. ಮಾಂಸದಲ್ಲಿ ತಪ್ಪಿಲ್ಲವೆಂದು ಅಪ್ಪನೇ ಹೇಳಿದ ಮೇಲೆ, ಒಂಬತ್ತು ವರ್ಷದವಳು ತನ್ನ ಕೈಯನ್ನಲ್ಲದೆ ಇನ್ನೇನನ್ನು ದೂರುತ್ತಾಳೆ? ಅಂದು ಸರಿಯಾದ ಮಾತು ಆಡಿದವಳು ನೀನೊಬ್ಬಳೇ. ಇದನ್ನು ಓದಿ ಟೆಸ್‌ಳನ್ನು ನನ್ನ ಹತ್ತಿರ ಬಿಡಲು ಮನಸ್ಸಾಗದಿದ್ದರೆ ಹೇಳು, ನಾನು ಏನೂ ಅನ್ನುವುದಿಲ್ಲ. ಅಂಚೆಯ ಗಾಡಿ ನಾಳೆ ಹತ್ತೂಕಾಲಿಗೆ ಬರುತ್ತದೆ.