ಒಂದು ಮಾರು ದೂರದ ಬೆರಳು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಕಾಗದ ಇಷ್ಟು ತಡವಾಯಿತೆಂದು ಮುನಿಸಿಕೊಳ್ಳಬೇಡ. ಕಿಟಕಿಯ ಬೆಳಕಿಗೆ ಕುಳಿತು ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಆದರೂ ಒಂದು ಸಾಲು ಇನ್ನೊಂದರ ಹೆಗಲೇರಿದ್ದರೆ ಹೇಗೋ ಓದಿಕೋ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದೊಡನೆ ಅಳು ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದು ಹೋದ ಸಲ ತಿಳಿಸಿದ್ದೆನಲ್ಲ. ಬಲಗಣ್ಣಿನೊಳಗೆ ರಕ್ತ ಸೋರಿ ಅದು ಹೆಚ್ಚುಕಡಿಮೆ ಮುಗಿದ ಕತೆ. ಎಡಗಣ್ಣಿನ ಪರದೆಯ ನಡುವೆ ನೀರು ತುಂಬಿ ಊದಿಕೊಂಡಿದೆಯಂತೆ. ಅದನ್ನು ಇಳಿಸಲು ತಿಂಗಳಿಗೊಮ್ಮೆ ಕಣ್ಣಿನೊಳಕ್ಕೇ ಇಂಜೆಕ್ಷನ್ ಕೊಡುತ್ತಾರೆ. ಕೇಳಿದರೇ ಜೀವ ಬಾಯಿಗೆ ಬರುತ್ತದೆ, ಅಲ್ಲವೇ? ಮರಗಟ್ಟುವ ಹನಿ ಹಾಕಿ, ರೆಪ್ಪೆ ಮುಚ್ಚದಂತೆ ಕ್ಲಿಪ್ ಸಿಕ್ಕಿಸುತ್ತಾರೆ. ಸೂಜಿ ಅಷ್ಟೇನೂ ನೋಯುವುದಿಲ್ಲ, ಒತ್ತಿದ ಹಾಗಾಗುತ್ತದೆ. ಮುಚ್ಚಲಾಗದ ಕಣ್ಣಿಟ್ಟುಕೊಂಡು ಅದಕ್ಕಾಗಿ ಕಾಯುವುದೇ ಕಷ್ಟ.

ಮೊದಮೊದಲು ಗುಣ ಕಂಡಿತು. ಸೊಟ್ಟಗೆ ಕಾಣುತ್ತಿದ್ದ ಬಾಗಿಲು ನೆಟ್ಟಗಾಯಿತು, ಸೂಜಿಗೆ ದಾರ ಪೋಣಿಸಿದೆ. ಆಮೇಲೆ ಮತ್ತೆ ಊತ. ಅಂಗಡಿಯಲ್ಲಿ ಯೂನಿಫಾರ್ಮಿಗೆ ಕಾಲರ್ ಹೊಲಿಯುತ್ತಿದ್ದಾಗ ಮಾಲೀಕರು ಬಂದು, "ಏನಮ್ಮಾ, ನಿಮ್ಮ ಹೊಲಿಗೆ ಕುಡಿದವನ ಹಾಗೆ ನಡೀತಿದೆ," ಎಂದು ನಕ್ಕರು. ನಾನೂ ನಕ್ಕೆ. ಮರುದಿನ ನನ್ನನ್ನು ಬಟ್ಟೆ ಮಡಚುವ ಮೇಜಿಗೆ ಕಳಿಸಿದರು.

ಡಾಕ್ಟರಮ್ಮನ ಕೈ ಹಿಡಿದು ಕೇಳಿದೆ. "ಕೆಲವರಿಗೆ ಈ ಔಷಧ ನಾಟಲ್ಲ. ಬೇರೆಯದು ಹಾಕಿ ನೋಡೋಣ. ನೀವು ಸಕ್ಕರೆ ಹತೋಟಿಯಲ್ಲಿಡಿ," ಎಂದರು.

"ಅದೂ ನಾಟದಿದ್ರೆ?"

ಅವರು ಸುಳ್ಳು ಹೇಳಲಿಲ್ಲ. "ಇನ್ನೂ ಒಂದೆರಡು ದಾರಿ ಇದೆ. ಆದ್ರೆ ಮೊದಲಿನ ಹಾಗೇ ಕಾಣುತ್ತೆ ಅಂತ ಮಾತು ಕೊಡೋಕಾಗಲ್ಲ."

"ಓದೋದು, ಹೊಲಿಯೋದು ಬೇಡ ಮೇಡಂ. ಒಂದು ಮಾರು ದೂರದ ಬೆರಳು ಕಂಡ್ರೆ ಸಾಕು," ಎಂದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ. ನಿನಗೆ ತಿಳಿಯುತ್ತದೆ.

ಹುಟ್ಟಿನಿಂದ ಕಿವಿ ಕೇಳದ ನನ್ನ ಮಗಳಿಗೆ ಮಾತಿನಮಲ್ಲಿ ಎಂದು ಹೆಸರಿಟ್ಟವಳು ನೀನೇ. ಅವಳ ಕೈ ಒಂದು ಗಳಿಗೆ ಸುಮ್ಮನಿರದು. ಶಾಲೆಯಿಂದ ಬಂದವಳೇ ಬ್ಯಾಗು ಎಸೆದು ಕೈಯಲ್ಲೇ ಹರಟೆ ಶುರುಮಾಡುತ್ತಾಳೆ. ಅವಳಪ್ಪನಿಗೆ ಆ ಮಾತು ಅರ್ಧಂಬರ್ಧ ಬರುತ್ತದೆ, ಪೂರ್ತಿ ಬರುವುದು ನನಗೊಬ್ಬಳಿಗೆ. ಈಗ ಅವಳ ಜಡೆ ಕಾಣುತ್ತದೆ, ಹಿಂದಿನ ಗೋಡೆ ಕಾಣುತ್ತದೆ, ನಡುವೆ ಬರೀ ಹೊಗೆ. ಅವಳಿಗೆ ಇದನ್ನು ಹೇಳದೆ ಮುಚ್ಚಿಟ್ಟಿದ್ದೆ. ನಾನು ಕುರುಡಿಯಾಗುವುದು ಹಾಗಿರಲಿ ಅಕ್ಕಾ, ನನ್ನ ಮಗಳು ನನ್ನ ಪಾಲಿಗೆ ಮೂಕಿಯಾಗಿಬಿಡುತ್ತಾಳೆ.

ಬುಧವಾರ ಹೊಸ ಔಷಧ ಹಾಕುತ್ತಾರೆ. ನಿನಗೆ ಗೊತ್ತಿರುವ ದೇವರಿಗೆಲ್ಲ ಒಂದು ಮಾತು ಹೇಳು. ನನಗೆ ಗೊತ್ತಿದ್ದವರನ್ನೆಲ್ಲ ಬೇಡಿ ಮುಗಿಯಿತು. ಭಾವನಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಬಾಳಲಿ, ಅವರ ಕಣ್ಣು ತಂಪಾಗಿರಲಿ.

ನಿನ್ನ ತಂಗಿ

ತಾ.ಕ.: ಇದು ಮರೆತು ಉಳಿದದ್ದಲ್ಲ, ಬರೆಯಲಾಗದೆ ಉಳಿದದ್ದು. ಮೊನ್ನೆ ಮಲ್ಲಿ ಶಾಲೆಯಿಂದ ಬಂದು ನನ್ನೆದುರು ನಿಂತು ಬಹಳ ಹೊತ್ತು ಏನೋ ಹೇಳಿದಳು. ಒಂದೂ ಕಾಣಲಿಲ್ಲ. ದಿನದ ಹರಟೆಯಿರಬೇಕೆಂದು ನಗುತ್ತ ತಲೆಯಾಡಿಸಿ, ಒಳ್ಳೆಯದಾಯಿತು ಎಂದು ಕೈಯಲ್ಲಿ ಹೇಳಿದೆ. ಅವಳು ಒಳಗೆ ಹೋದಳು. ಬಾಗಿಲಲ್ಲಿದ್ದ ಅವಳಪ್ಪ, "ಏನೇ ನೀನು! ವ್ಯಾನಲ್ಲಿ ಹುಡುಗಿಯರೆಲ್ಲ ಸೇರಿ ಅವಳ ಎರಡೂ ಕೈ ಬೆನ್ನ ಹಿಂದೆ ಹಿಡಿದು, ದಾರಿಯುದ್ದಕ್ಕೂ ಬಿಡದೆ ನಕ್ಕರಂತೆ. ನನಗೇ ತಿಳೀತು. ನೀನು ಒಳ್ಳೇದಾಯ್ತು ಅಂತೀಯಲ್ಲ!" ಎಂದರು. ಓಡಿಹೋಗಿ ತಬ್ಬಿಕೊಂಡೆ. ನನಗೆ ಕಾಣಲಿಲ್ಲ ಕಂದಾ ಎಂದು ಮತ್ತೆ ಮತ್ತೆ ಕೈಯಲ್ಲಿ ಹೇಳಿದೆ. ಅವಳು ನನ್ನನ್ನು ದೂಡಲಿಲ್ಲ, ಅಳಲೂ ಇಲ್ಲ. ಎರಡು ಕೈಗಳನ್ನೂ ಕಂಕುಳಲ್ಲಿ ಅವುಚಿಕೊಂಡು ಕುಳಿತಳು. ಅಂದಿನಿಂದ ನನ್ನೊಡನೆ ಮಾತಾಡಿಲ್ಲ.