ಗೋಕರ್ಣದಿಂದ ರಾಮೇಶ್ವರಕ್ಕೆ ಒಂದೂವರೆ ಗಂಟೆ

ಸಿದ್ದು,

ಗೋಕರ್ಣದಿಂದ ರಾಮೇಶ್ವರಕ್ಕೆ ಎಂಟುನೂರು ಕಿಲೋಮೀಟರ್, ವಿಮಾನದಲ್ಲಿ ಒಂದೂವರೆ ಗಂಟೆ ಅಂತ ಯಾವುದೋ ವೆಬ್‌ಸೈಟ್ ನೋಡಿ ಅಮ್ಮನಿಗೆ ಹೇಳಿದೆಯಲ್ಲ, ನಾಚಿಕೆ ಆಗಲ್ವೇನೋ? ಎರಡೂ ಊರಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಅದು ನಕ್ಷೆಯ ಮೇಲೆ ಗೆರೆ ಎಳೆದು ಹಾಕಿದ ಲೆಕ್ಕ. ಹನುಮಂತನಿಗಾದರೆ ಸರಿ, ಮಂಡಿನೋವಿನ ಅಮ್ಮನಿಗಲ್ಲ.

ಅಮ್ಮ ಆಗಲೇ ಚಂದ್ರಾ ಲೇಔಟಿನ ನೆಂಟರಿಗೆಲ್ಲ "ಬೆಳಿಗ್ಗೆ ಗೋಕರ್ಣ, ಮಧ್ಯಾಹ್ನ ರಾಮೇಶ್ವರ" ಅಂತ ಸಾರಿದ್ದಾರೆ. ಪಕ್ಕದ ಮನೆ ಆಂಟಿ ಬ್ಯಾಗ್ ಕೂಡ ತುಂಬಿಕೊಂಡಿದ್ದಾರೆ. ಥೂ!

ಕುಕ್ಕರಿನಲ್ಲಿ ಅನ್ನ ಇದೆ, ಸಾರು ಬಿಸಿ ಮಾಡಿಕೋ. ಅಮ್ಮ ದೇವಸ್ಥಾನದಿಂದ ಬಂದ ಕೂಡಲೇ ನಿಜ ನೀನೇ ಹೇಳು. ನಾನು ಹೇಳಿ ನೋಡಿದೆ. "ನನ್ನ ಮಗ ಕರ್ಕೊಂಡು ಹೋಗ್ತಾನೆ ಅಂದ್ರೆ ನಿನಗ್ಯಾಕೇ ಹೊಟ್ಟೆಕಿಚ್ಚು?" ಅಂದು, ನಿನಗೋಸ್ಕರ ಹೋಳಿಗೆಗೆ ಬೇಳೆ ನೆನೆಹಾಕಿ ಹೋಗಿದ್ದಾರೆ.

ಅನಘಕ್ಕ